ರಾಮನಾಥನ ರಂಗಭೋಜನ

ಸೋಮವಾರದ ದಿನ ಮೀನಿನ ಹೋಟೆಲು ತೆರೆದ ಕಾರವಾರದವನು ಭೂಮಿಯ ಮೇಲೆ ಒಬ್ಬನೇ ಇರಬೇಕು. ಅವನು ನನ್ನ ತಮ್ಮ ರಾಮನಾಥ. ನಮ್ಮ ಕಡೆ ಸೋಮವಾರ ಮೀನು ಮುಟ್ಟದ ಮನೆಗಳೇ ಹೆಚ್ಚು, ಅಂದು ಬೆಕ್ಕಿಗೂ ಹಾಲನ್ನವೇ ಗತಿ. ಇದು ಅವನಿಗೆ ಗೊತ್ತಿಲ್ಲವೆಂದಲ್ಲ. ಆದರೆ ದೀಪ ಹಚ್ಚಲು ಒಪ್ಪಿದ ದೊಡ್ಡ ಮನುಷ್ಯರಿಗೆ ಬಿಡುವು ಇದ್ದದ್ದು ಸೋಮವಾರ ಮಾತ್ರ.

"ಉದ್ಘಾಟಕರ ಡೇಟು ಮುಖ್ಯ ಅಕ್ಕಾ. ಮೀನು ಮಂಗಳವಾರ ತಿಂದ್ರೂ ಆಯ್ತದೆ," ಅಂದ.

ಹಾಗಾಗಿ ಅವರ್ಸಾದ ಹೆದ್ದಾರಿ ಬದಿಯ ಆ ಹೊಸ ಕಟ್ಟಡದಲ್ಲಿ, ಗೋಡೆ ತುಂಬ ಬಿಡಿಸಿದ್ದ ಇಸ್ವಾಣ, ಪಾಪ್ಲೆಟ್ಟು ಮೀನುಗಳ, ಏಡಿಗಳ ಚಿತ್ರ ನೋಡುತ್ತ ಬಂದವರೆಲ್ಲ ಬಟಾಟೆ ಪಲ್ಯ ತಿಂದು ಕೈ ತೊಳೆದುಕೊಂಡು ಹೋದರು. ಹೋಟೆಲಿನ ಹೆಸರು 'ರಂಗಭೋಜನ'. ಹೆಸರಿಡುವುದರಲ್ಲಿ ಅವನು ಯಾವತ್ತೂ ಬಡವನಲ್ಲ.

ಅವನ ಹಿಂದಿನ ಪ್ರತಾಪ ಹೇಳದೆ ಈ ಹೋಟೆಲಿನ ಕತೆ ತಿಳಿಯುವುದಿಲ್ಲ. ನಾನು ಮದುವೆಯಾಗಿ ಅಂಕೋಲೆಗೆ ಬಂದೆ, ಅವನು ಕಾರವಾರದ ಹಬ್ಬುವಾಡದಲ್ಲೇ ಉಳಿದ. ಮೀಸೆ ಮೂಡುವ ಹೊತ್ತಿಗೆ ನಾಟಕದ ಮಾಲೀಕನಾಗಿದ್ದ. ಅವನಿಗೆ ಹಾಡಲು ಬರುತ್ತಿರಲಿಲ್ಲ, ಪಾತ್ರ ಮಾಡಲು ಬರುತ್ತಿರಲಿಲ್ಲ, ಬರೆಯಲು ಕೂತರೆ ಎರಡು ಪುಟಕ್ಕೆ ಕೈ ನೋಯುತ್ತಿತ್ತು. ಬರುತ್ತಿದ್ದದ್ದು ಒಂದೇ, ಪಾತ್ರ ಹಂಚುವುದು. ಯಾರು ಹೆಚ್ಚು ವಂತಿಗೆ ಕೊಡುತ್ತಾನೋ ಅವನು ನಾಯಕ. ಅದಕ್ಕಿಂತ ಕಡಿಮೆ ಕೊಟ್ಟವನು ಖಳನಾಯಕ. ಶಾಮಿಯಾನ ಕೊಟ್ಟವನು ಮಂತ್ರಿ, ಬರೀ ಕುರ್ಚಿ ಕೊಟ್ಟವನಿಗೂ ಉಪಮಂತ್ರಿಯ ಪಾತ್ರ. ಒಂದು ಸಲ ಅವನ ನಾಟಕದ ರಾಜನಿಗೆ ಮಂತ್ರಿಗಳೇ ಒಂದು ಸಾಲು ನಿಂತಿದ್ದರು, ಸೈನಿಕ ಅಂತ ಒಬ್ಬನೂ ಇರಲಿಲ್ಲ. ಯುದ್ಧಕ್ಕೆ ಮಂತ್ರಿಗಳೇ ಹೋದರು.

ನಾವೆಲ್ಲ ನಗುತ್ತಿದ್ದೆವು. ಅವನು ನಗುತ್ತಿರಲಿಲ್ಲ. ಅವನ ಲೆಕ್ಕಾಚಾರ ಬೇರೆಯೇ ಇತ್ತು. ಒಬ್ಬನಿಗೆ ಪಾತ್ರ ಕೊಟ್ಟರೆ ಅವನ ಅಪ್ಪ, ಅವ್ವ, ಮಾವ, ಭಾವ, ಕೇರಿಯವರು ಎಲ್ಲರೂ ಟಿಕೇಟು ತೆಗೆದುಕೊಂಡು ನೋಡಲು ಬರುತ್ತಾರೆ. ಹೆಚ್ಚು ಪಾತ್ರ ಇದ್ದಷ್ಟೂ ಹೆಚ್ಚು ಜನ. ಅದಕ್ಕೆ ಮುಂದಿನ ಸಾಲು ಯಾವಾಗಲೂ ಪಾತ್ರಧಾರಿಗಳ ಮನೆಯವರಿಗೆ ಮೀಸಲು. ಊರ ಪಟೇಲ ಬಂದರೂ ಎರಡನೆಯ ಸಾಲೇ.

ನಾಯಕ ಯಾವಾಗಲೂ ಉಮೇಶ. ಸಿಮೆಂಟಿನ ಅಂಗಡಿಯವನು, ಕೈ ಬಿಚ್ಚಿ ಕೊಡುವವನು, ನೋಡಲು ಚಂದ, ಬಾಯಿ ತೆರೆದರೆ ಮಾತ್ರ ಕಷ್ಟ. ಒಂದು ನಾಟಕದಲ್ಲಿ ಅವನು ಪೊಲೀಸ್ ಇನ್ಸ್‌ಪೆಕ್ಟರು. ಕೊನೆಯ ಅಂಕದಲ್ಲಿ ಖಳನಾಯಕನಿಗೆ ಗುಂಡು ಹೊಡೆಯಬೇಕು. ಅವನ ಮಾವನ ಮನೆಯವರು ಕಡೆಯ ಬಸ್ಸಿಗೆ ಹೋಗುವವರಿದ್ದರಂತೆ, ಅಳಿಯ ಗುಂಡು ಹೊಡೆಯುವುದು ನೋಡದೆ ಹೋಗುವುದುಂಟೇ? ರಾಮನಾಥ ಎರಡನೆಯ ಅಂಕದಲ್ಲೇ ಗುಂಡು ಹೊಡೆಸಿದ. ಖಳನಾಯಕ ಸತೀಶ ಸತ್ತು ಬಿದ್ದ. ಮಾವನ ಮನೆಯವರು ಚಪ್ಪಾಳೆ ತಟ್ಟಿ ಬಸ್ಸಿಗೆ ಹೋದರು. ಆಮೇಲೆ ಸತೀಶ ಎದ್ದು ಧೂಳು ಕೊಡವಿಕೊಂಡು ಇನ್ನೂ ಎರಡು ಅಂಕ ಅನ್ಯಾಯ ಮಾಡಿದ. ಯಾಕೆಂದರೆ ಅವನ ಮನೆಯವರು ಅಷ್ಟೊತ್ತಿಗೆ ಬಂದು ಕೂತಿದ್ದರು.

ಟೀವಿ ಬಂದು ನಾಟಕ ನಿಂತ ಮೇಲೆ ಆರ್ಕೆಸ್ಟ್ರಾ ಕಟ್ಟಿದ. ಮೈಕು ತಂದವನು ಗಾಯಕ. ಅದು ಒಂದು ಮಳೆಗಾಲ ದಾಟಲಿಲ್ಲ. ಆಮೇಲೆ ಮದುವೆಗಳಿಗೆ ಶಾಮಿಯಾನ ಕೊಡುವ ಕೆಲಸ. ಮಂಟಪ ಕಟ್ಟುವ ಬದಲು ಅರಮನೆ ಪರದೆ ಬಿಟ್ಟು ಮದುಮಕ್ಕಳಿಗೆ ಎಡದಿಂದ ಪ್ರವೇಶ, ಬಲದಿಂದ ನಿರ್ಗಮನ ಅಂತ ಹೇಳಿಕೊಡುತ್ತಿದ್ದ. ಮುಹೂರ್ತ ಮೀರಿ ಒಬ್ಬ ಭಟ್ಟರು ಪಂಚೆ ಎತ್ತಿ ಕಟ್ಟಿ ಜಗಳಕ್ಕೆ ನಿಂತರು. ಆಮೇಲೆ ಪ್ರವಾಸಿಗರಿಗೆ ಡಾಲ್ಫಿನ್ ತೋರಿಸುವ ದೋಣಿ. ದೋಣಿಗೆ ಮೈಕು ಕಟ್ಟಿ ತಾನೇ ವಿವರಣೆ ಕೊಟ್ಟ. ಡಾಲ್ಫಿನ್‌ಗಳಿಗೆ ಅಷ್ಟು ಮಾತು ಸೇರಲಿಲ್ಲವೆಂದು ಕಾಣುತ್ತದೆ, ಆ ಕಡೆ ತಲೆ ಹಾಕಲೇ ಇಲ್ಲ.

ಹಾಗಾದರೆ ಮನೆ ನಡೆದದ್ದು ಹೇಗೆ? ಹೀರಾಳಿಂದ. ನನ್ನ ತಮ್ಮನ ಹೆಂಡತಿ.

ಹಬ್ಬುವಾಡದ ಮನೆಯ ಹೊರಜಗಲಿಯಲ್ಲಿ ಅವಳು ಖಾನಾವಳಿ ಇಟ್ಟಳು. ಎರಡು ಬೆಂಚು, ಎರಡು ಉದ್ದ ಮೇಜು, ಸ್ಟೀಲಿನ ತಟ್ಟೆ. ಬ್ಯಾಂಕಿನವರು, ಕೋರ್ಟಿನ ಗುಮಾಸ್ತರು, ಆಸ್ಪತ್ರೆಯ ನರ್ಸುಗಳು, ಹೆಂಡತಿ ಮಕ್ಕಳನ್ನು ಬೇರೆ ಊರಲ್ಲಿ ಬಿಟ್ಟು ಬಂದ ಮೇಷ್ಟ್ರುಗಳು ಮಧ್ಯಾಹ್ನ ಬಂದು ಉಂಡು ಹೋಗುವರು. ಬಂಗಡೆ ತಲೆ ಗುಮಾಸ್ತರಿಗೆ, ಮುಳ್ಳು ಕಂಡರೆ ಹೆದರುವ ಬಯಲುಸೀಮೆಯ ನರ್ಸಿಗೆ ನಡುತುಂಡು, ಸಕ್ಕರೆ ಕಾಯಿಲೆಯ ಮೇಷ್ಟ್ರಿಗೆ ಅನ್ನ ಕಡಿಮೆ, ಹುಮಣ ಜಾಸ್ತಿ. ಯಾರೂ ಕೇಳಬೇಕಾಗಿರಲಿಲ್ಲ. ಹುಮಣವೆಂದರೆ ನಮ್ಮ ಮೀನಿನ ಸಾರು. ಹೀರಾಳ ಹುಮಣಕ್ಕೆ ಒಂದು ಗುರುತಿತ್ತು. ಕುದಿ ಬರುವಾಗ ಅರಿಶಿನದ ಎಲೆಯನ್ನು ಗಂಟು ಕಟ್ಟಿ ಬಿಡುತ್ತಿದ್ದಳು. ಸುಮ್ಮನೆ ಗಂಟಲ್ಲ, ಅಬ್ಬಲಿಗೆ ಮಾಲೆ ಕಟ್ಟುವಾಗ ಹಾಕುವಂಥ ಕುಣಿಕೆ, ತುದಿ ಒಳಗೆ ಸಿಕ್ಕಿಸಿದ್ದು. ಅವಳ ಆಯಿ, ಅಂದರೆ ತಾಯಿ, ಮಜಾಳಿಯಲ್ಲಿ ಹಾಗೆ ಕಟ್ಟುತ್ತಿದ್ದಳಂತೆ. ಬೇರೆ ಯಾರೂ ಹಾಗೆ ಕಟ್ಟಿದ್ದು ನಾನು ಕಂಡಿಲ್ಲ.

ಮಗಳು ದೀಪಾಲಿಯನ್ನು ಓದಿಸಿ ಮದುವೆ ಮಾಡಿದ್ದು ಆ ಖಾನಾವಳಿ. ರಾಮನಾಥನ ದೋಣಿಯ ಮೈಕಿನ ಸಾಲ ತೀರಿಸಿದ್ದೂ ಅದೇ. ಅವನು ಮಾತ್ರ ಅದನ್ನು ಯಾರೆದುರಿಗೂ ಖಾನಾವಳಿ ಅನ್ನುತ್ತಿರಲಿಲ್ಲ. "ಮನೆಯವಳು ಟೈಂಪಾಸಿಗೆ ನಾಲ್ಕು ಜನಕ್ಕೆ ಅನ್ನ ಹಾಕ್ತಾಳೆ," ಅನ್ನುತ್ತಿದ್ದ. ಆ ಟೈಂಪಾಸಿನ ಅನ್ನವನ್ನೇ ಅವನೂ ದಿನಾ ಎರಡು ಹೊತ್ತು ಉಣ್ಣುತ್ತಿದ್ದ.

ಇನ್ನು ರಂಗಭೋಜನ. ಅದಕ್ಕೂ ಅವನು ಪಾತ್ರ ಹಂಚಿದ. ಪಾಲು ಹಾಕಿದವರಲ್ಲಿ ಎಲ್ಲರಿಗಿಂತ ಹೆಚ್ಚು ಕೊಟ್ಟವನು ಉಮೇಶನೇ, ಆದ್ದರಿಂದ ಅವನು ಶೆಫ್. ಜನ್ಮದಲ್ಲಿ ಚಹಾಕ್ಕೆ ನೀರಿಟ್ಟವನಲ್ಲ. ಸತೀಶ ಮ್ಯಾನೇಜರು, ಕೋಟು ಹಾಕಿದ್ದ. ಅಶೋಕ ಗಲ್ಲೆಯ ಮೇಲೆ. ಉಳಿದವರು ಒಬ್ಬ ಸ್ವಾಗತಕ್ಕೆ, ಒಬ್ಬ ಗಾಡಿ ನಿಲ್ಲಿಸುವ ಕಡೆ, ಇನ್ನೊಬ್ಬ ಸುಮ್ಮನೆ 'ನಿರ್ದೇಶಕ'. ತಟ್ಟೆ ತೊಳೆಯುವ ಪಾತ್ರಕ್ಕೆ ಯಾರೂ ವಂತಿಗೆ ಕೊಟ್ಟಿರಲಿಲ್ಲ.

ಅಡುಗೆಮನೆಗೂ ಊಟದ ಕೋಣೆಗೂ ನಡುವೆ ದೊಡ್ಡ ಗಾಜು. ಅದರ ಹಿಂದೆ ಉಮೇಶ ಉದ್ದನೆಯ ಬಿಳಿ ಟೊಪ್ಪಿ ಹಾಕಿ ಸೌಟು ಹಿಡಿದು ನಿಲ್ಲಬೇಕು. ಊಟ ಬರುವ ಮೊದಲು ನಾಟಕದ ಹಾಗೆ ಮೂರು ಸಲ ಗಂಟೆ ಬಾರಿಸಬೇಕು. ತಿಂಡಿಪಟ್ಟಿಯಲ್ಲಿ ಅಂಕ ಒಂದು ಸೋಲ್ ಕಡಿ ಎಂಬ ಮುರುಗಲ ಸಾರು, ಅಂಕ ಎರಡು ಹುರಿದ ಮೀನು, ಹೀಗೆ. ನೋಡಲು ಬಂದವರು ಕಿಸಕ್ಕೆಂದರೆ ರಾಮನಾಥ, "ಕಲೆ ಗೊತ್ತಿಲ್ದೋರು," ಅನ್ನುತ್ತಿದ್ದ.

ಜನ ಬಂದರು. ಬರಲೇಬೇಕಲ್ಲ. ಉಮೇಶನ ಮನೆಯವರು, ಸತೀಶನ ಹೆಂಡತಿಯ ತವರಿನವರು, ಅಶೋಕನ ಷಡ್ಡಕರು. ಮುಂದಿನ ಸಾಲಲ್ಲಿ ಕೂತು, ಮೂರು ಗಂಟೆ ಕೇಳಿ, ಹೊಟ್ಟೆ ತುಂಬ ಉಂಡು, ಗಲ್ಲೆಯ ಮುಂದೆ ಬಂದು, "ನಮ್ಮ ಮನೆ ಹೋಟ್ಲು ಅಲ್ದಾ," ಎಂದು ನಕ್ಕು ಹೋಗುವರು. ನಾಟಕಕ್ಕೆ ನೆಂಟರು ದುಡ್ಡು ಕೊಟ್ಟು ಬರುತ್ತಾರೆ, ಊಟಕ್ಕೆ ನೆಂಟರು ದುಡ್ಡು ಕೊಟ್ಟು ಬರುವುದಿಲ್ಲ ಎಂಬುದು ಇಷ್ಟು ವಯಸ್ಸಾದ ಮನುಷ್ಯನಿಗೆ ಹೊಳೆದಿರಲಿಲ್ಲ.

ಆದರೂ ಕೆಲವು ದಿನಗಳಲ್ಲಿ ಹೊರಗಿನವರೂ ಬರತೊಡಗಿದರೆಂದು ಸುದ್ದಿಯಾಯಿತು. ರಂಗಭೋಜನದ ಹುಮಣ ಅಂದರೆ ಹುಮಣ ಎಂದು ಅಂಕೋಲೆಯ ಬಸ್‌ಸ್ಟ್ಯಾಂಡಿನಲ್ಲೂ ಆಡಿಕೊಳ್ಳುತ್ತಿದ್ದರು. ನನಗೆ ಆಶ್ಚರ್ಯ. ಉಮೇಶ ಮಾಡಿದ್ದೇ? ಒಂದು ಸೋಮವಾರ ಹೀರಾಳಿಗೆ ಫೋನು ಮಾಡಿದೆ.

"ನೀ ನೋಡ್ದ್ಯನೇ ಹೀರಾ, ನಿನ್ನ ಗಂಡನ ಹೋಟ್ಲು?"

"ಎಲ್ಲಿ ಅಕ್ಕಾ? ಸುರುವಿನ ದಿನ ಹೋದದ್ದೇ. ಇವ್ರು ದಿನಾ ಬೆಳಿಗ್ಗೆ ಒಂದು ತೋಪು ಹುಮಣ ತಕಂಡು ಹೋಗ್ತ್ರು. ಅಲ್ಲಿ ಕೆಲಸದೋರ ಊಟಕ್ಕೆ ಬೇಕಂತೆ. ಅಷ್ಟು ಜನ ಕೆಲಸದೋರು ಎಲ್ಲಿ ಅವ್ರೋ ದೇವರಿಗೇ ಗೊತ್ತು."

"ನಾಳೆ ನಿನ್ನ ಖಾನಾವಳಿ ಮುಗಿದ ಮೇಲೆ ಬಾ. ನಾ ಅಂಕೋಲೆಯಿಂದ ಬತ್ತೆ. ಒಮ್ಮೆ ಉಂಡು ನೋಡ್ವ."

ಹೋದೆವು. ರಾಮನಾಥ ಯಾವುದೋ ಮೀಟಿಂಗಿಗೆ ಹೋಗಿದ್ದ. ಸತೀಶ ಕೋಟಿನ ಗುಂಡಿ ಹಾಕಿಕೊಳ್ಳುತ್ತ ಓಡಿ ಬಂದ. "ವೈನಿ! ಅಕ್ಕಾ! ಬನ್ನಿ ಬನ್ನಿ," ಎಂದು ಎರಡನೆಯ ಸಾಲಲ್ಲಿ ಕೂರಿಸಿದ. ಮುಂದಿನ ಸಾಲಲ್ಲಿ ಯಾರೋ ಒಬ್ಬಳು ಮಗುವಿಗೆ ಉಣಿಸುತ್ತಿದ್ದಳು, ಉಮೇಶನ ನಾದಿನಿಯಂತೆ. ಗಂಟೆ ಬಾರಿಸಿದರು. ಗಾಜಿನ ಹಿಂದೆ ಉಮೇಶ ಸೌಟು ತಿರುಗಿಸಿದ, ನಮ್ಮನ್ನು ಕಂಡು ಟೊಪ್ಪಿ ಸರಿ ಮಾಡಿಕೊಂಡ. ಹುಮಣ ಬಂತು.

ಸತೀಶ ಕೈಕಟ್ಟಿ ನಿಂತು ಗಂಟಲು ಸರಿಮಾಡಿಕೊಂಡ. "ಇದು ನಮ್ಮ ಶೆಫ್ ಉಮೇಶರವರ ಅಜ್ಜಿಯ ಕೈರುಚಿ. ತಲೆತಲಾಂತರದಿಂದ ಬಂದ ಗುಟ್ಟು."

ಹೀರಾ ಒಂದು ತುತ್ತು ಬಾಯಿಗಿಟ್ಟಳು. ಇನ್ನೊಂದು ಇಡಲಿಲ್ಲ. ಬೆರಳಿನಿಂದ ಬಟ್ಟಲಿನೊಳಗೆ ತಡಕಿ ಏನನ್ನೋ ಮೇಲೆತ್ತಿದಳು. ಅರಿಶಿನದ ಎಲೆ. ಅಬ್ಬಲಿಗೆ ಕುಣಿಕೆ, ತುದಿ ಒಳಗೆ ಸಿಕ್ಕಿಸಿದ್ದು.

"ಯಾವ ಊರಿನೋರು ಸತೀಶಾ, ಆ ಅಜ್ಜಿ?" ಎಂದು ಕೇಳಿದಳು.

"ಅದು... ಗೊತ್ತಿಲ್ಲ ವೈನಿ. ಡೈಲಾಗು ರಾಮನಾಥ ದಾದಾ ಬರ್ದದ್ದು. ನಾ ಬಾಯಿಪಾಠ ಮಾಡ್ದೆ, ಅಷ್ಟೇ."

ಉಮೇಶ ಗಾಜಿನ ಹಿಂದಿನಿಂದ ಹೊರಗೆ ಬಂದ. ಪಾಪ, ಕೆಟ್ಟವನಲ್ಲ. ತೋಪು ಖಾಲಿ ಮಾಡಿ ಹೊಸ ಪಾತ್ರೆಗೆ ಸುರಿದು ಸೌಟು ಆಡಿಸುವುದನ್ನೇ ಅಡುಗೆಯೆಂದು ತಿಳಿದುಬಿಟ್ಟಿದ್ದ. "ಹೆಂಗಾಗದೆ ವೈನಿ, ನನ್ನ ಹುಮಣ?" ಎಂದು ಕೇಳಿದ.

"ಚಲೋ ಆಗದೆ ಉಮೇಶಾ," ಅಂದಳು ಹೀರಾ. "ಎಲೆ ಗಂಟು ಕಟ್ಟೂಕೆ ಯಾರು ಕಲಿಸ್ದೋರು? ಅಜ್ಜಿಯೇ?"

ಅವನು ಟೊಪ್ಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. ಸತೀಶ ಒಮ್ಮೆ ಅವನ ಮುಖ, ಒಮ್ಮೆ ಇವಳ ಮುಖ ನೋಡಿದ. ನಾವು ಊಟ ಮುಗಿಸಿ, ಗಲ್ಲೆಯಲ್ಲಿ ಅಶೋಕ ಬೇಡಬೇಡವೆಂದರೂ ದುಡ್ಡು ಕೊಟ್ಟು ಹೊರಬಿದ್ದೆವು. ಅಂದು ಅಲ್ಲಿ ದುಡ್ಡು ಕೊಟ್ಟು ಉಂಡವರು ನಾವಿಬ್ಬರೇ ಇದ್ದರೂ ಇರಬಹುದು.

ಬಸ್ಸಿಗೆ ಕಾಯುತ್ತ ರಸ್ತೆ ಬದಿ ನಿಂತೆವು. ಲಾರಿಗಳು ಧೂಳೆಬ್ಬಿಸಿಕೊಂಡು ಹೋಗುತ್ತಿದ್ದವು.

"ಸಾಲ ಮಾಡಿದ್ರು, ತೀರ್ಸ್ದೆ," ಅಂದಳು ಹೀರಾ. "ನನ್ನ ಮದುವೆ ಸೀರೆ ರಾಣಿ ಪಾತ್ರಕ್ಕೆ ಒಯ್ದು ಹರ್ಕೊಂಡು ಬಂದ್ರು, ಸುಮ್ನಾದೆ. ನಂಗೆ ಬೋರ್ಡು ಬೇಡಾಗಿತ್ತು, ಫೋಟೋ ಬೇಡಾಗಿತ್ತು ಅಕ್ಕಾ. ಆದ್ರೆ ನನ್ನ ಆಯಿ ಕಟ್ಟಿದ ಗಂಟು ಸಿಮೆಂಟಿನ ಅಂಗಡಿಯೋನ ಅಜ್ಜಿಗೆ ಕೊಟ್ಟ್ರಲ್ಲ!"

ಮರುದಿನ ಬೆಳಿಗ್ಗೆ ತೋಪು ಹೊರಡಲಿಲ್ಲ. ಅದರ ಮರುದಿನವೂ ಇಲ್ಲ.

ಮೂರನೆಯ ದಿನ ರಾಮನಾಥ ತನ್ನ ಹಳೆಯ ಓಮ್ನಿಯಲ್ಲಿ ಅಂಕೋಲೆಗೆ ಬಂದ. ಜಗಲಿ ಹತ್ತುವ ಮೊದಲೇ ಮಾತು ಸುರು.

"ಅಕ್ಕಾ, ನೀನೇ ಹೇಳ್ಬೇಕು ಅವ್ಳಿಗೆ. ನನ್ನ ಮಾನ ಹೋಗ್ತದೆ."

"ಎಲ್ಲಿಟ್ಟಿದ್ದ್ಯೋ ಮಾರಾಯ, ಹೋಗೂಕೆ?"

ಅವನಿಗೆ ಚುಚ್ಚು ತಾಗಲಿಲ್ಲ. ಅವನಿಗೆ ತಾಗಬೇಕಾದರೆ ಮುಂಚೆಯೇ ಸೂಚನೆ ಕೊಡಬೇಕು. ವಿಷಯ ಇಷ್ಟು: ಮಂಜಗುಣಿಯ ಪ್ರದೀಪ ಎಂಬವರು ಮಲ್ಲಾಪುರದ ಅಣುವಿದ್ಯುತ್ ಟೌನ್‌ಶಿಪ್ಪಿನಲ್ಲಿ ಕೆಲಸದಲ್ಲಿರುವವರು, ನಿವೃತ್ತರಾಗುತ್ತಿದ್ದಾರೆ. ಒಮ್ಮೆ ರಂಗಭೋಜನದಲ್ಲಿ ಹುಮಣ ಉಂಡು ಮರುಳಾಗಿ, ಬರುವ ಭಾನುವಾರ ಮಧ್ಯಾಹ್ನ ತಮ್ಮ ಕಡೆಯವರಿಗೆಲ್ಲ ಅಲ್ಲೇ ಊಟವೆಂದು ಹೇಳಿಹೋಗಿದ್ದಾರೆ. ಎರಡು ಬಸ್ಸು ಜನ. ಅದು ಚೆನ್ನಾಗಿ ನಡೆದರೆ ಟೌನ್‌ಶಿಪ್ಪಿನ ಊಟವೆಲ್ಲ ಇವನದೇ ಎಂದು ಇವನ ಕನಸು.

"ಹಂಗಾರೆ ಹೀರಾನ ಕರ್ಕೊಂಡು ಹೋಗಿ ಒಲೆ ಮುಂದೆ ನಿಲ್ಸು. ಉಮೇಶ ತಟ್ಟೆ ತೊಳೀಲಿ," ಅಂದೆ.

"ಹಂಗೆ ಮಾಡೂಕೆ ಆಗೂದಿಲ್ಲ ಅಕ್ಕಾ! ಉಮೇಶಂಗೆ ಪಾತ್ರ ಕೊಟ್ಟಾಗದೆ. ಕೊಟ್ಟ ಪಾತ್ರ ಕಿತ್ಕೊಂಡೋನು ಅಂದ್ರೆ ನಾಳೆ ನನ್ನ ಹತ್ರ ಯಾರು ಬತ್ರು? ಅವನ ಮನಿಯೋರೆಲ್ಲ ಬರೂದು ಅವನ್ನ ನೋಡೂಕೆ. ಹೀರಾ ಹಿಂದಿನ ಕೋಣೆಯಲ್ಲಿ ಮಾಡ್ಲಿ. ಫ್ಯಾನ್ ಹಾಕಿಸ್ತೆ. ಇಷ್ಟಕ್ಕೂ ಆ ಜಗಲಿ ಖಾನಾವಳಿ ಇನ್ನು ಎಂತಕೆ? ಅದು ಬಂದ್ ಮಾಡಿ ದಿನಾ ಇಲ್ಲಿಗೇ ಬರ್ಲಿ. ಜಗಲಿಯಲ್ಲಿ ನಾ ಆಫೀಸು ಮಾಡ್ತೆ."

"ಹಿಂದಿನ ಕೋಣೆಯಲ್ಲಿ."

"ಪರದೆ ಹಿಂದೆ ನಿಂತು ಹಾಡೋರು ಇಲ್ವಾ ಅಕ್ಕಾ? ಕಲೆಯಲ್ಲಿ ಮೇಲು ಕೀಳು ಇಲ್ಲ."

ಪರದೆ ಮುಂದೆ ನಿಂತವರು ಮಾತ್ರ ಈ ಮಾತು ಆಡುತ್ತಾರೆ. ನಾನು ಅವನಿಗೆ ಚಹಾ ಕೊಟ್ಟು ಕಳಿಸಿದೆ. ಭಾನುವಾರ ಬೆಳಿಗ್ಗೆ ಮೊದಲ ಬಸ್ಸು ಹಿಡಿದು ಹಬ್ಬುವಾಡಕ್ಕೆ ಹೋದೆ.

ಹೀರಾ ಕಾಯಿ ತುರಿಯುತ್ತಿದ್ದಳು. ಭಾನುವಾರವೂ ಅವಳಲ್ಲಿ ಊಟ ಉಂಟು, ಒಂಟಿಯಾಗಿರುವವರಿಗೆ ಭಾನುವಾರ ಹೊಟ್ಟೆ ರಜೆ ಹಾಕುವುದಿಲ್ಲವಲ್ಲ. ತಮ್ಮ ಹೇಳಿ ಕಳಿಸಿದ್ದನ್ನು ಇದ್ದ ಹಾಗೆ ಹೇಳಿದೆ. ನಾನಾಗಿ ಹೋಗು ಅನ್ನಲಿಲ್ಲ, ಬೇಡ ಅನ್ನಲಿಲ್ಲ.

"ನಂಗೂ ಹೇಳಿದ್ರು," ಅಂದಳು. "ನಾ ಬತ್ತೆ ಅಂದೆ. ಗಾಜಿನ ಹಿಂದೆ ನಾ ನಿಲ್ಲೂದು, ಅಡುಗೆ ನಂದು ಅಂತ ಹೇಳೂದು. ಅಷ್ಟಿದ್ರೆ ಇಡೀ ಮಲ್ಲಾಪುರಕ್ಕೆ ಬೇಯಿಸಿ ಹಾಕ್ತೆ ಅಂದೆ. ಟೊಪ್ಪಿ ಅವನೇ ಹಾಕ್ಕೊಳ್ಲಿ, ನಂಗೆ ಬೇಡ. ಇವ್ರು ಬೆಳಿಗ್ಗೆ ಎದ್ದು ಮಾತಾಡ್ದೆ ಹೋದ್ರು. ಉಮೇಶನೇ ಮಾಡ್ತಾನಂತೆ ಇವತ್ತು. ಮೊಬೈಲು ನೋಡಿ."

ಇಬ್ಬರೂ ಸೇರಿ ಮಸಾಲೆ ಅರೆದೆವು. ಮೀನು ಮಾರುವ ಕಲಾವತಿ ಬುಟ್ಟಿ ಇಳಿಸಿ ಬಂಗಡೆ ಕೊಟ್ಟಳು. ಹೋಗುವಾಗ, "ಇವತ್ತು ನಿಮ್ಮ ಯಜಮಾನ್ರು ಬಂದರದಲ್ಲಿ ಬುಟ್ಟಿ ಬುಟ್ಟಿ ತಕಂಡ್ರು ಬಾಯೀ. ಕಣ್ಣು ಕೆಂಪಾದ ಹಳೇ ಮೀನು. ನಾ ಹೇಳೂಕೆ ಹೋದೆ, ನಂಗೇ ಭಾಷಣ ಮಾಡಿದ್ರು," ಎಂದು ನಕ್ಕಳು.

ಹೀರಾ ತೋಪು ಒಲೆಗೇರಿಸಿದಳು. ಎಲೆ ಗಂಟು ಕಟ್ಟಿ ಬಿಟ್ಟಳು. ಮಧ್ಯಾಹ್ನದ ಊಟದ ಹೊತ್ತು ಸಮೀಪಿಸುವಾಗ ಓಮ್ನಿ ಬಂದು ಬಾಗಿಲ ಮುಂದೆ ಉಸಿರುಗಟ್ಟಿ ನಿಂತಿತು. ರಾಮನಾಥ ಇಳಿದ. ರೇಶ್ಮೆ ಜುಬ್ಬ, ಹಣೆಗೆ ಕುಂಕುಮ, ಕಂಕುಳಲ್ಲಿ ಖಾಲಿ ತೋಪು, ಕೈಯಲ್ಲಿ ಇನ್ನೊಂದು.

"ಎಲ್ಲಾ ಹಾಳಾಯ್ತು," ಅಂದ. "ಹುಳಿ ಹಾಕೂ ಕಡೆ ಎಂತದೋ ಹಾಕಿದ್ದಾನೆ. ಬಾಯಿಗೆ ಇಡೂಕಾಗೂದಿಲ್ಲ. ಮಲ್ಲಾಪುರದೋರು ಬಂದಾಯ್ತು."

ಅಷ್ಟರಲ್ಲಿ ಅವನ ಜೇಬಿನ ಫೋನು ಬಡಿದುಕೊಂಡಿತು. ಸತೀಶ. ರಾಮನಾಥ ಮಾತಾಡುವುದು ಯಾವಾಗಲೂ ಮೈಕಿನಲ್ಲಿ, ಫೋನಿಗೂ ಅದೇ ಅಭ್ಯಾಸ, ಎಲ್ಲರಿಗೂ ಕೇಳುವಂತೆ ಇಡುತ್ತಾನೆ.

"ದಾದಾ, ಉಮೇಶನ ಮನಿಯೋರೆಲ್ಲ ಮುಂದಿನ ಸಾಲಲ್ಲಿ ಕೂತವ್ರೆ, ಏಳೂಕೆ ಹೇಳಿದ್ರೆ ಏಳೂದಿಲ್ಲ! ನನ್ನ ಅತ್ತೆ ಮನಿಯೋರೂ ಬಂದವ್ರೆ. ಪ್ರದೀಪ ಸಾಹೇಬ್ರು, ಅವ್ರ ಸಾಹೇಬ್ರು, ಎಲ್ಲಾ ಹೊರಗೆ ಬಿಸಿಲಲ್ಲಿ ನಿಂತ್ಕೊಂಡವ್ರೆ. ಗಂಟೆ ಹೊಡೀಲಾ?"

"ಹೊಡೀಬೇಡ!" ಎಂದು ಕೂಗಿದ. "ಮಾತಾಡಿಸ್ತಾ ಇರು. ಹುಮಣ ತಕಂಡು ಬಂದೆ ಅಂತ ತಿಳಿ."

ಖಾಲಿ ತೋಪುಗಳನ್ನು ಬಾಗಿಲಲ್ಲಿಟ್ಟು, ಫೋನು ಹಿಡಿದುಕೊಂಡೇ ಒಳಗೆ ನುಗ್ಗಿ ಒಲೆಯ ಮೇಲಿನ ತೋಪಿಗೆ ಕೈ ಹಾಕಿದ. ಹೀರಾ ತಡೆಯಲಿಲ್ಲ. ಕೈ ಸುಟ್ಟುಕೊಂಡು ತಾನೇ ತೆಗೆದ. ಬಟ್ಟೆ ಹಿಡಿದು ಎತ್ತಬೇಕೆಂಬುದೂ ಈ ಹೋಟೆಲಿಗನಿಗೆ ತಿಳಿಯದು.

"ಇದು ನಮ್ಮೋರ ಊಟ," ಅಂದಳು ಹೀರಾ. "ಆದ್ರೂ ಕೊಡ್ತೆ. ಬ್ಯಾಂಕಿನೋರಿಗೆ ಮೊಟ್ಟೆ ಮಾಡಿ ಹಾಕ್ತೆ, ಅವ್ರು ಏನೂ ಅನ್ನೂದಿಲ್ಲ. ನಾನೂ ಬತ್ತೆ, ಅಲ್ಲಿ ಇನ್ನೊಂದು ತೋಪು ಏರಿಸ್ತೆ. ಬದಲಿಗೆ ಒಂದು ಮಾತು. ಫೋನು ಕೈಯಲ್ಲೇ ಅದೆ. ಆ ಸಾಹೇಬ್ರ ಹತ್ರ ಕೊಡೂಕೆ ಹೇಳಿ. ಹುಮಣ ನನ್ನ ಹೆಂಡ್ತಿ ಹೀರಾ ಮಾಡೂದು, ಅವತ್ತು ನೀವು ಉಂಡದ್ದೂ ಅವಳದೇ, ಅಂತ ಹೇಳಿ. ಅಷ್ಟೇ ನಾ ಕೇಳೂದು."

ರಾಮನಾಥ ನನ್ನ ಮುಖ ನೋಡಿದ. ನಾನು ಬೀಸಣಿಗೆ ಬೀಸಿಕೊಂಡೆ.

"ಹಲೋ, ಹಲೋ, ದಾದಾ," ಎಂದು ಫೋನು ಒದರುತ್ತಿತ್ತು. "ಇಕಳ್ಳಿ, ಸಾಹೇಬ್ರೇ ಇಲ್ಲೇ ಅವ್ರೆ, ಮಾತಾಡಿ." ಆಮೇಲೆ ಬೇರೆ ದನಿ, ತಾಳ್ಮೆಯ ದನಿ: "ಹಾಂ, ರಾಮನಾಥರೇ, ನಾನು ಪ್ರದೀಪ. ಏನು ತೊಂದರೆ ಇಲ್ಲ ಅಲ್ವಾ?"

ನನ್ನ ತಮ್ಮ ಬಾಯಿ ತೆರೆದ. ಮಂತ್ರಿಗಳ, ರಾಜರ, ಇನ್ಸ್‌ಪೆಕ್ಟರುಗಳ ಮಾತುಗಳನ್ನೆಲ್ಲ ಪರದೆಯ ಪಕ್ಕದಿಂದ ಪಿಸುಗುಟ್ಟಿದ ಬಾಯಿ ಅದು. ಯಾರು ಎಲ್ಲಿ ತಡೆದರೂ ಮುಂದಿನ ಸಾಲು ಅವನ ನಾಲಗೆಯ ಮೇಲಿರುತ್ತಿತ್ತು. ಬಾಯಿ ತೆರೆದವನು ಹೀರಾಳನ್ನು ನೋಡಿದ. ಅವಳು ಬಟ್ಟೆಯಲ್ಲಿ ತೋಪಿನ ಕಿವಿ ಹಿಡಿದು ಎತ್ತಿಕೊಡಲು ಸಿದ್ಧಳಾಗಿ ನಿಂತಿದ್ದಳು.

"ತೊಂದರೆ ಏನಿಲ್ಲ ಸಾಹೇಬ್ರೇ," ಅಂದ. "ಸ್ವಲ್ಪ... ನಮ್ಮ ಉಮೇಶರವರು... ಇವತ್ತು ಕಡಲಿಗೆ ದೋಣಿ ಇಳೀಲಿಲ್ಲ, ಮೀನೇ ಬರ್ಲಿಲ್ಲ ನೋಡಿ..."

ಹೀರಾ ತೋಪನ್ನು ಒಲೆಯ ಮೇಲೆಯೇ ಬಿಟ್ಟಳು. ಬಟ್ಟೆ ಮಡಿಸಿ ಮೇಜಿನ ಮೇಲಿಟ್ಟಳು. ಮುಖದಲ್ಲಿ ಸಿಟ್ಟೂ ಇರಲಿಲ್ಲ. ಯಾರದೋ ಲೆಕ್ಕ ಬಗೆಹರಿದ ಹಾಗೆ ಒಂದು ನಿರಾಳ ಮಾತ್ರ ಇತ್ತು. ತಟ್ಟೆಗಳನ್ನು ಹರಡತೊಡಗಿದಳು. ಫೋನಿನ ಆಚೆ ಪ್ರದೀಪರು, "ಮೀನು ಇಲ್ಲವೇ? ಹಾಗಾದರೆ ನಾವು ಅಂಕೋಲೆಗೆ ಹೋಗಿ ಎಲ್ಲಾದರೂ ನೋಡಿಕೊಳ್ಳುತ್ತೇವೆ, ಪರವಾಗಿಲ್ಲ," ಎಂದು ಮರ್ಯಾದೆಯಿಂದಲೇ ಹೇಳಿ ಫೋನು ಇಟ್ಟರು. ಹಿಂದಿನಿಂದ ಯಾರೋ ಗಂಟೆ ಬಾರಿಸಿದ ಸದ್ದೂ ಕೇಳಿಸಿತು. ಒಳಗೆ ಕೂತ ನೆಂಟರಿಗೆ ಹಸಿವಾಗಿರಬೇಕು.

ರಾಮನಾಥ ಬಾಗಿಲಲ್ಲಿ ನಿಂತ. ಎರಡು ಖಾಲಿ ತೋಪುಗಳು ಕಾಲ ಬಳಿ. ಬಿಸಿಲಿಗೆ ಜುಬ್ಬ ಬೆನ್ನಿಗೆ ಅಂಟಿತ್ತು.

"ನೀ ಒಂದು ಮಾತು ಬಿಟ್ಟಿದ್ರೆ ಆಗ್ತಿತ್ತು," ಎಂದ ಹೆಂಡತಿಗೆ. "ಒಂದೇ ಒಂದು ಮಾತು."

"ನೀವು ಒಂದು ಮಾತು ಆಡಿದ್ರೂ ಆಗ್ತಿತ್ತು," ಅಂದಳು ಅವಳು.

"ಅಕ್ಕಾ, ನೀನಾದ್ರೂ ಹೇಳು."

"ಎಂತದು ಹೇಳೂದು?" ಅಂದೆ. "ಮುಂದಿನ ಸಾಲಿನೋರು ನಿನ್ನ ದಾರಿ ನೋಡ್ತಿರ್ಬೇಕು. ಹೋಗಿ ಭಾಷಣ ಮಾಡು. ಊಟ ಇಲ್ದಿದ್ರೂ ಹೊಟ್ಟೆ ತುಂಬ್ತದೆ."

ಅವನು ಇನ್ನೂ ಏನೋ ಹೇಳುವವನಿದ್ದ. ಕಲೆ ಎಂಬ ಮಾತು ಬಾಯಿಯ ತುದಿಯವರೆಗೆ ಬಂದಂತಿತ್ತು. ಅಷ್ಟರಲ್ಲಿ ರಸ್ತೆಯ ತಿರುವಿನಲ್ಲಿ ಕೋರ್ಟಿನ ಗುಮಾಸ್ತರು ಕೊಡೆ ಹಿಡಿದು ಬರುವುದು ಕಂಡಿತು, ಅವರ ಹಿಂದೆ ಬಯಲುಸೀಮೆಯ ನರ್ಸು, ಮೇಷ್ಟ್ರು. ಮೆಟ್ಟಿಲ ಬಳಿ ಬಂದು, ಬಾಗಿಲು ಪೂರಾ ತುಂಬಿ ನಿಂತಿದ್ದ ರೇಶ್ಮೆ ಜುಬ್ಬವನ್ನು ಕಂಡು, ಒಳಗೆ ಹೋಗುವುದೋ ಬೇಡವೋ ತಿಳಿಯದೆ ಮೂವರೂ ಬಿಸಿಲಲ್ಲೇ ನಿಂತರು.

ಹೀರಾ ಅನ್ನದ ಪಾತ್ರೆಯ ಮುಚ್ಚಳ ತೆಗೆದಳು.

"ಉಣ್ತ್ರಾದ್ರೆ ಕೈ ತೊಳ್ಕೊಂಡು ಕೂತ್ಕೊಳ್ಳಿ," ಅಂದಳು ಗಂಡನಿಗೆ. "ಇಲ್ದಿದ್ರೆ ಬಾಗಿಲು ಬಿಡಿ, ನಮ್ಮೋರು ಬಂದ್ರು."

ಅವನು ಬಾಗಿಲು ಬಿಟ್ಟ.